ಟ್ಯಾರೋ ಕಾರ್ಡ್ ನೋಡುವಾಗ ಹಿನ್ನೆಲೆ ಸಂಗೀತಕ್ಕೆ ಏನು ಹಾಕಬೇಕು: ಸ್ಪೀಕರಾ, ರೇಡಿಯೋನಾ, ತಂಬೂರಿ ಪೆಟ್ಟಿಗೆಯಾ?

ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು ಚಿಕ್ಕಮ್ಮನ ಮನೆ ಅಟ್ಟದಲ್ಲಿ ಧೂಳು ಹಿಡಿದು ಕೂತಿದ್ದ ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಯನ್ನು ತಾನೇ ಮೀಟುವ ಪೆಟ್ಟಿಗೆ. ಸೋತದ್ದು 2,499 ರೂಪಾಯಿ ಕೊಟ್ಟು ತರಿಸಿದ ಬ್ಲೂಟೂತ್ ಸ್ಪೀಕರ್. ನಡುವೆ ರೇಡಿಯೋನೂ ಬಂತು, ಫೋನೂ ಬಂತು.

ನಾನು ಟ್ಯಾರೋ, ಅಂದರೆ ಚಿತ್ರದ ಕಾರ್ಡ್ ಹರಡಿ ಭವಿಷ್ಯ, ನೋಡುವುದು ಶನಿವಾರ, ಭಾನುವಾರ ಮಾತ್ರ. ಹನುಮಂತನಗರದಲ್ಲಿ ಚಿಕ್ಕ ಮನೆ. ಮುಂದಿನ ರೂಮಿನಲ್ಲಿ ಒಂದು ಮೇಜು, ಎರಡು ಕುರ್ಚಿ. ಗೋಡೆಯಾಚೆ ಹಾಲ್, ಹಾಲ್‌ನಲ್ಲಿ ಅತ್ತೆ. ಬಂದವರು ಗಂಡನ ವಿಷಯ, ಸಾಲದ ವಿಷಯ ಎತ್ತುವಾಗ ದನಿ ಇಳಿಸಿ ಬಾಗಿಲ ಕಡೆ ನೋಡುತ್ತಾರೆ. ಸಂಗೀತ ಬೇಕಾದದ್ದು ಅದಕ್ಕೇ. ಮೂಡ್, ವೈಬ್ರೇಶನ್ ಅಂತ ಹೇಳುವವರು ಹೇಳಲಿ. ನನಗೆ ಬೇಕಿದ್ದದ್ದು ಒಂದು ಪರದೆ. ನಮ್ಮ ಮಾತು ಹಾಲ್‌ಗೆ ಕೇಳಬಾರದು, ಪಕ್ಕದ ಮನೆ ಕುಕ್ಕರ್ ಸೀಟಿ ನಮಗೆ ಕೇಳಬಾರದು. ಅಷ್ಟೇ.

ಸ್ಪೀಕರ್ ದನಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಜಾಹೀರಾತು ಬೇಡ ಅಂತ ಹಾಡಿನ ಆ್ಯಪ್‌ಗೂ ದುಡ್ಡು ಕಟ್ಟಿದ್ದೆ. ತೊಂದರೆ ಇದ್ದದ್ದು ಬೇರೆ ಕಡೆ. ಹತ್ತು ನಿಮಿಷ ಶಬ್ದ ಬರದಿದ್ದರೆ ಬ್ಯಾಟರಿ ಉಳಿಸೋಕೆ ತಾನೇ ಆಫ್ ಆಗುವ ಏರ್ಪಾಡು ಅದರಲ್ಲಿತ್ತು. ಒಳ್ಳೆಯದೇ ಅಲ್ವಾ? ಆದರೆ ನಾನು ಹಾಕುವ ಕೊಳಲು ಪಿಸುಮಾತಿನಷ್ಟು ಮೆತ್ತಗೆ. ಅಷ್ಟು ಸಣ್ಣ ದನಿಯನ್ನು ಸ್ಪೀಕರ್ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಡು ಓಡುತ್ತಿರುವಾಗಲೇ ಆಫ್. ಸುಮ್ನೆ ಆಫ್ ಆದರೂ ಪರವಾಗಿರಲಿಲ್ಲ, ಒಳಗೆ ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿಯಲ್ಲಿ ಇಂಗ್ಲಿಷ್‌ನಲ್ಲಿ ಹೇಳಿ ಹೋಗುತ್ತಿತ್ತು. ಹಾಡಿನ ದನಿ ಎಷ್ಟೇ ಇಳಿಸಿದ್ದರೂ ಆ ಇಂಗ್ಲಿಷ್ ಹೆಂಗಸಿನ ಗಂಟಲು ಮಾತ್ರ ಇಳಿಯುವುದಿಲ್ಲ.

ಒಂದು ಶನಿವಾರ ಸಂಜೆ. ಎದುರಿಗೆ ಕೂತಿದ್ದವರು ಮೊದಲ ಸಲ ಬಂದವರು. ಸೆಲ್ಟಿಕ್ ಕ್ರಾಸ್ ಅನ್ನುವ ಜೋಡಣೆ ಹಾಕಿದ್ದೆ, ಹತ್ತು ಕಾರ್ಡ್. ಎಂಟನೆಯದು ಫೈವ್ ಆಫ್ ಕಪ್ಸ್. ಕಪ್ಪು ನಿಲುವಂಗಿಯವನು ತಲೆ ತಗ್ಗಿಸಿ ಚೆಲ್ಲಿದ ಮೂರು ಬಟ್ಟಲು ನೋಡುತ್ತಾ ನಿಂತಿದ್ದಾನೆ. ಬೆನ್ನ ಹಿಂದೆ ಇನ್ನೆರಡು ಬಟ್ಟಲು ನೆಟ್ಟಗೇ ಇವೆ, ಅವನು ತಿರುಗಿಲ್ಲ. ಆಕೆ ಆ ಎರಡು ಬಟ್ಟಲಿನ ಮೇಲೆ ಬೆರಳಿಟ್ಟರು. ಮಾತಿಲ್ಲ. ಕಣ್ಣು ತುಂಬಿ ಬಂತು. ನಾನೂ ಸುಮ್ಮನಿದ್ದೆ. ಆಗ ಕಪಾಟಿನಿಂದ ಜೋರಾಗಿ, "ಪವರ್ ಆಫ್!"

ಆಕೆ ಬೆಚ್ಚಿಬಿದ್ದು, "ಯಾರು ಮೇಡಂ ಒಳಗಡೆ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹಾಲ್‌ನಿಂದ ಅತ್ತೆ, "ಕರೆಂಟ್ ಹೋಯ್ತೇನೇ?" ಅಂದರು. ನನ್ನ ಪರದೆಯ ಬಂಡವಾಳ ಎಷ್ಟು ಅಂತ ಇಬ್ಬರಿಗೂ ಗೊತ್ತಾಯಿತು.

ಕಸ್ಟಮರ್ ಕೇರ್ ಹುಡುಗ, "ಸ್ವಲ್ಪ ಜೋರಾಗಿ ಹಾಕಿ ಮೇಡಂ" ಅಂದ. ಅಣ್ಣನ ಮಗ ಬೇರೆ ದಾರಿ ಹುಡುಕಿದ. ಫೋನಿನ ವಾಲ್ಯೂಮ್, ಸ್ಪೀಕರಿನ ವಾಲ್ಯೂಮ್ ಎರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವಂತೆ. ಆಂಡ್ರಾಯ್ಡ್‌ನ ಡೆವಲಪರ್ ಆಪ್ಷನ್ಸ್‌ನಲ್ಲಿ ಅಬ್ಸಲ್ಯೂಟ್ ವಾಲ್ಯೂಮ್ ಅನ್ನುವುದನ್ನು ಡಿಸೇಬಲ್ ಮಾಡಿದರೆ ಗಂಟು ಬಿಡುತ್ತದೆ. ಆಮೇಲೆ ಫೋನಿನಲ್ಲಿ ಪೂರ್ತಿ ದನಿ, ಸ್ಪೀಕರಿನ ಬಟನ್ ಒತ್ತಿ ಅಲ್ಲಿ ಮಾತ್ರ ಸಣ್ಣ. ಕೆಲಸ ಮಾಡಿತು. ಒಂದು ತಿಂಗಳು. ಫೋನ್ ಅಪ್‌ಡೇಟ್ ಆದಮೇಲೆ ಹೇಗೋ ಮತ್ತೆ ಗಂಟು ಬಿತ್ತು, ಮತ್ತೆ ಆ ಹೆಂಗಸು ಬಂದಳು. ವಾರ ವಾರ ಸೆಟ್ಟಿಂಗ್ಸ್ ನೋಡಿಕೊಂಡು ಕೂರುವ ತಾಳ್ಮೆ ನನಗಿಲ್ಲ.

ನಡುವೆ ಮಳೆ ಶಬ್ದವನ್ನೂ ಹಾಕಿ ನೋಡಿದೆ. ಅತ್ತೆ ಮಹಡಿಗೆ ಓಡಿ ಒಣಗಿದ ಬಟ್ಟೆ ತಂದರು. ಹರಿಯುವ ನೀರು ಹಾಕಿದ ದಿನ ಬಂದವರೆಲ್ಲ ಬಾತ್‌ರೂಮ್ ಕೇಳಿದರು. ಬೈನಾರಲ್ ಬೀಟ್ಸ್ ಹಾಕಿ ಅಂದರು ಕೆಲವರು. ಅದಕ್ಕೆ ಹೆಡ್‌ಫೋನ್ ಬೇಕು, ಎರಡು ಕಿವಿಗೆ ಬೇರೆ ಬೇರೆ ಕಂಪನ ಹೋಗಬೇಕು. ಮೇಜಿನ ಮೇಲೆ ಸ್ಪೀಕರ್ ಇಟ್ಟರೆ ಏನೂ ಉಪಯೋಗವಿಲ್ಲ.

ರೇಡಿಯೋದಲ್ಲಿ ಆಕಾಶವಾಣಿಯ ಅಮೃತವರ್ಷಿಣಿ, 100.1. ಬಿಡಿಗಾಸಿಲ್ಲದೆ ಇಷ್ಟು ಶಾಸ್ತ್ರೀಯ ಸಂಗೀತ ಬೇರೆಲ್ಲಿ ಸಿಗುತ್ತದೆ? ಮನೆಕೆಲಸ ಮಾಡುವಾಗ ನಾನು ಕೇಳುವುದು ಅದನ್ನೇ. ಆದರೆ ಟ್ಯಾರೋ ಮೇಜಿಗೆ ಬೇಡ. ಬಸವನಗುಡಿ, ಗಾಂಧಿ ಬಜಾರ್ ಕಡೆಯಿಂದ ಬರುವವರಲ್ಲಿ ಅರ್ಧ ಜನ ಸಂಗೀತ ಕಲಿತವರು. "ಇದು ಕಲ್ಯಾಣಿ ಅಲ್ವಾ?" ಅಂದರೆ ಮುಗಿಯಿತು, ಕಾರ್ಡ್ ಕಡೆ ಕಣ್ಣೇ ಇಲ್ಲ. ಸಾಹಿತ್ಯ ಇದ್ದರೆ ಇನ್ನೂ ಕಷ್ಟ. "ನೋಡಿ, ಹಾಡಿನಲ್ಲೂ ಅದೇ ಬಂತು" ಅಂತ ಉತ್ತರ ಅಲ್ಲೇ ಹುಡುಕಿಕೊಳ್ಳುತ್ತಾರೆ.

ನನಗೂ ಹಾಗೇ ಆಗುತ್ತದೆ. ರೈಡರ್-ವೇಟ್ ಅನ್ನುವ ಟ್ಯಾರೋ ಕಾರ್ಡ್‌ಗಳ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಸಂಗೀತ ಕೇಳುತ್ತಾ ಒಳಗಣ್ಣಿಗೆ ಕಂಡದ್ದನ್ನು ಬಿಡಿಸುತ್ತಿದ್ದವರು. 1907ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನವಾಗಿತ್ತು, ಕಾರ್ಡ್‌ಗಳು ಬಂದದ್ದು 1909ರಲ್ಲಿ. ಆದರೆ ಅವರ ಮುಂದಿದ್ದದ್ದು ಖಾಲಿ ಹಾಳೆ. ನನ್ನ ಮುಂದೆ ಇರುವುದು ಆಗಲೇ ಬರೆದ ಚಿತ್ರ. ಒಳ್ಳೆಯ ರಾಗ ಹಿಡಿದರೆ ಅದರ ಮೇಲೆ ನನ್ನದೇ ಇನ್ನೊಂದು ಚಿತ್ರ ಬಂದು ಕೂರುತ್ತದೆ.

ತಂಬೂರಿಯಲ್ಲಿ ಆ ಗೊಡವೆಯೇ ಇಲ್ಲ. ಹಾಡು ಶುರುವಾಗುವುದಿಲ್ಲ, ಮುಗಿಯುವುದಿಲ್ಲ. ಪ, ಸ, ಸ, ಸ, ಮತ್ತೆ ಪ. ಚಿಕ್ಕಮ್ಮ ಪಾಠ ಬಿಟ್ಟು ಎಷ್ಟೋ ವರ್ಷ ಆಗಿತ್ತು, "ತೊಗೊಂಡು ಹೋಗೇ" ಅಂದರು. ಅಡಾಪ್ಟರ್ ಸತ್ತಿತ್ತು. ಎಸ್‌.ಪಿ. ರೋಡಿನಲ್ಲಿ 280 ರೂಪಾಯಿಗೆ ಹೊಸದು ಸಿಕ್ಕಿತು. ಒಟ್ಟು ಖರ್ಚು ಅಷ್ಟೇ. ಅಂದಹಾಗೆ ಎಲೆಕ್ಟ್ರಾನಿಕ್ ತಂಬೂರಿ ನಮ್ಮೂರಿನ ಸರಕೇ. ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಅದನ್ನು ತಂದದ್ದು ಇಲ್ಲೇ, ಬೆಂಗಳೂರಿನಲ್ಲಿ.

ಒಂದು ಗುಂಡಿ ತಿರುಗಿಸಿದರೆ ಮೀಟುವ ವೇಗ ಬದಲಾಗುತ್ತದೆ. ಮೊದಲ ವಾರ ವೇಗ ಜಾಸ್ತಿ ಇತ್ತು, ನಾನು ಗಮನಿಸಲಿಲ್ಲ. ಕೈ ಅದೇ ಲೆಕ್ಕಕ್ಕೆ ಬಿದ್ದು ಕಾರ್ಡ್ ಪಟಪಟ ತಿರುಗಿಸಿದೆ. ಹತ್ತು ಕಾರ್ಡ್ ಕಾಲು ಗಂಟೆಗೆ ಮುಗಿದು, ಬಂದವರು ಗಡಿಯಾರ ನೋಡಿದರು. ಈಗ ಗುಂಡಿ ಪೂರ್ತಿ ನಿಧಾನದಲ್ಲಿದೆ.

ತಂಬೂರಿ ಆ್ಯಪ್ ಫೋನಿನಲ್ಲೇ ಪುಕ್ಕಟೆ ಇದೆ, ಪೆಟ್ಟಿಗೆ ಯಾಕೆ ಅಂತ ಕೇಳಬಹುದು. ನನ್ನ ಹತ್ತಿರ ಬರುವವರಿಗೆ ವಾಯ್ಸ್ ಮೆಸೇಜ್ ಬೇಕು, ಮನೆಗೆ ಹೋಗಿ ಮತ್ತೆ ಕೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ರೆಕಾರ್ಡ್ ಒತ್ತಿದ ಕೂಡಲೇ ಫೋನಿನ ತಂಬೂರಿ ನಿಲ್ಲುತ್ತದೆ. ಪರದೆ ಬಿತ್ತು. ನೀವು ರೆಕಾರ್ಡ್ ಮಾಡಿಕೊಡುವವರಲ್ಲದಿದ್ದರೆ ಆ್ಯಪ್ ಸಾಕು, ಪೆಟ್ಟಿಗೆಗೆ ದುಡ್ಡು ಹಾಕಬೇಡಿ. ವಿಡಿಯೋ ಕಾಲ್‌ನಲ್ಲಿ ನೋಡುವವರಿಗೂ ಒಂದು ಮಾತು: ಹಿನ್ನೆಲೆ ಗದ್ದಲ ತೆಗೆಯುವ ಏರ್ಪಾಡು ಸಂಗೀತವನ್ನೂ ಗದ್ದಲ ಅಂತಲೇ ತಿಳಿಯುತ್ತದೆ. ಕೊಳಲು ಹಾಕಿದರೆ ಅತ್ತ ಕಡೆ ತುಂಡು ತುಂಡಾಗಿ ಕೇಳುತ್ತದೆ. ನನ್ನ ತಂಬೂರಿ ಒಂದೇ ಸಮ ಇರುವುದರಿಂದ ಪೂರ್ತಿ ಅಳಿಸಿಹೋಗುತ್ತದೆ. ಅದೇ ವಾಸಿ.

ದೂರು ಇಲ್ಲ ಅಂತಲ್ಲ. ಒಬ್ಬರು ಒಳಗೆ ಕಾಲಿಟ್ಟು ಪೆಟ್ಟಿಗೆಗೆ ಕೈ ಮುಗಿದರು. ಇನ್ನೊಬ್ಬರು, "ಅಕ್ಕಾ, ಸಂಗೀತ ಪಾಠಾನೂ ಇದ್ಯಾ? ಮಗಳನ್ನ ಕಳಿಸ್ಲಾ?" ಅಂದರು. ಹೊಸದೇ ಕೊಳ್ಳಬೇಕಾಗಿದ್ದರೆ ನಾನೂ ಎರಡು ಸಲ ಯೋಚನೆ ಮಾಡುತ್ತಿದ್ದೆ. ನಿಮ್ಮ ನೆಂಟರಲ್ಲಿ ಸಂಗೀತ ಬಿಟ್ಟವರು ಯಾರಿದ್ದಾರೆ, ಮೊದಲು ಅವರ ಅಟ್ಟ ನೋಡಿ.

ಸ್ಪೀಕರ್ ಈಗ ಅಡುಗೆಮನೆಯಲ್ಲಿದೆ. ಅತ್ತೆ ದೇವರನಾಮ ಹಾಕಿಕೊಳ್ಳುತ್ತಾರೆ, ಬೀದಿಗೆ ಕೇಳುವಷ್ಟು ಜೋರಾಗಿ. ಒಂದು ಸಲವೂ ಆಫ್ ಆಗಿಲ್ಲ.