ಹೆರಾಲ್ಡ್‌ನ ಮುಂದಿನ ಸಸ್ಪೆನ್ಷನ್ ಕಿಟ್: ಹಿತ್ತಾಳೆಗೆ ಪೂರ್ತಿ ಮಾರ್ಕ್ಸ್, ಪಾಲಿ ಬುಷ್‌ಗೆ ಇಲ್ಲ

ಇಂಗ್ಲೆಂಡಿನಿಂದ ತರಿಸಿದ ಮುಂದಿನ ಸಸ್ಪೆನ್ಷನ್ ಕಿಟ್ಟನ್ನು ನನ್ನ ಹಳೇ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಹಾಕಿಸಿ ಮಳೆಗಾಲ, ಬೇಸಿಗೆ ಎಲ್ಲ ದಾಟಿದೆ. ಹೊಸದರಲ್ಲಿ ಯಾವ ಪಾರ್ಟ್ ಆದರೂ ಚೆನ್ನಾಗೇ ಇರುತ್ತದೆ, ಅದಕ್ಕೇ ಕಾದು ಬರೆಯುತ್ತಿದ್ದೇನೆ. ಡಬ್ಬದಲ್ಲಿ ಏನೇನಿರುತ್ತೆ ಅನ್ನೋ ಪಟ್ಟಿಯನ್ನು ಮಾರುವವರೇ ಕೊಡುತ್ತಾರೆ, ಅದನ್ನು ಬಿಡ್ತೀನಿ.

ನಮ್ಮದು ಮದ್ರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಗಾಡಿ. ಸ್ಪೋರ್ಟ್ಸ್ ಕಾರ್ ಅಲ್ಲ, ಆದರೆ ಮುಂದಿನ ಚಕ್ರದ ಕೆಲಸವೆಲ್ಲ ಟ್ರಯಂಫ್ ಸ್ಪಿಟ್‌ಫೈರ್‌ದೇ ಮನೆತನ. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಲ್ಲೇ ಹೆರಾಲ್ಡ್ ಬಂತು, 1962ರಲ್ಲಿ ಅದೇ ಬಗೆಯ ಸಸ್ಪೆನ್ಷನ್ ಇಟ್ಟುಕೊಂಡು ಸ್ಪಿಟ್‌ಫೈರ್ ಬಂತು. ಲೋಟಸ್‌ನವರು ಕೂಡ ತಮ್ಮ ಎಲಾನ್‌ಗೆ ಟ್ರಯಂಫ್‌ನ ವರ್ಟಿಕಲ್ ಲಿಂಕನ್ನೇ (ಮುಂದಿನ ಚಕ್ರವನ್ನು ಹಿಡಿದಿಡೋ ನೆಟ್ಟಗಿನ ಉಕ್ಕಿನ ತುಂಡು) ತಗೊಂಡರು. ಆ ಸ್ಪೋರ್ಟ್ಸ್ ಕಾರ್‌ಗಳನ್ನು ಈಗಲೂ ಪ್ರೀತಿಯಿಂದ ಓಡಿಸುವವರು ಅಲ್ಲಿ ಬಹಳ ಜನ ಇದ್ದಾರೆ. ಅವರ ದೆಸೆಯಿಂದ ದಾವಣಗೆರೆಯಲ್ಲಿ ಕೂತ ನನಗೂ ಹೊಸ ಪಾರ್ಟ್ ಸಿಗುತ್ತಿದೆ. ಒಂದು ಮಾತು, ಹೆರಾಲ್ಡ್‌ನಲ್ಲೇ ಮೊದಲಿನ ಮಾಡೆಲ್‌ಗೂ ಆಮೇಲಿನದಕ್ಕೂ ಅಳತೆ ಬೇರೆ ಇರುತ್ತೆ. ಹಳೆಯದನ್ನು ಬಿಚ್ಚಿ, ವರ್ನಿಯರ್ ಹಿಡಿದು ಅಳೆದ ಮೇಲೇ ಆರ್ಡರ್ ಮಾಡಿ.

ಕಿಟ್ ಯಾಕೆ ಬೇಕಾಯ್ತು ಅಂದ್ರೆ, ಹರಿಹರದ ಕಡೆ ಹೈವೇಯಲ್ಲಿ ಹೋಗುವಾಗ ಗಾಡಿ ನೆಟ್ಟಗೆ ಹೋಗ್ತಿರಲಿಲ್ಲ. ಸ್ಟಿಯರಿಂಗನ್ನು ಆ ಕಡೆ ಈ ಕಡೆ ಸರಿಮಾಡುತ್ತಲೇ ಇರಬೇಕು. ಹಂಪ್ಸ್ ಇಳಿದಾಗ ಎಡಗಡೆಯಿಂದ ಖಟ್ ಅನ್ನೋ ಸದ್ದು, ಟೈರಿನ ಒಳಅಂಚು ಬೇಗ ಬೇಗ ಸವೆಯೋದು. ತೋರಿಸಿದ ಗ್ಯಾರೇಜಿನಲ್ಲೆಲ್ಲ ವೀಲ್ ಬೇರಿಂಗ್ ಅಂದರು. ಒಂದು ಕಡೆ ಬದಲಾಯಿಸಿಯೂ ಕೊಟ್ಟರು, ದುಡ್ಡೂ ತಗೊಂಡರು, ಸದ್ದು ಮಾತ್ರ ಹಾಗೇ ಉಳೀತು.

ಇದನ್ನು ಪತ್ತೆ ಮಾಡೋದು ಕಷ್ಟವೇನಲ್ಲ. ಚಕ್ರ ಜಾಕ್ ಮೇಲೆ ಎತ್ತಿ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಇಟ್ಟು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ, ಗೊತ್ತಾದರೆ ಮನೆಯವರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಪ್ಲೇ ಮಾಯವಾದರೆ ಬೇರಿಂಗ್. ಆಗಲೂ ಅಲ್ಲಾಡಿದರೆ ಮೇಲಿನ ಬಾಲ್ ಜಾಯಿಂಟ್, ಇಲ್ಲವೇ ಕೆಳಗಿನ ಟ್ರನಿಯನ್. ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟಾಗ ಮಾತ್ರ ಆಡಿದರೆ ಸ್ಟಿಯರಿಂಗ್ ಕಡೆ ನೋಡಬೇಕು, ರಾಡ್ ಎಂಡೋ ರ‍್ಯಾಕ್‌ನ ರಬ್ಬರೋ ಹೋಗಿರುತ್ತೆ. ನನ್ನದರಲ್ಲಿ ಬ್ರೇಕ್ ಹಿಡಿದರೂ ಎಡಚಕ್ರ ಕೆಳಗಿನಿಂದ ಆಡ್ತಿತ್ತು. ಬೆರಳನ್ನು ಟ್ರನಿಯನ್ ಮೇಲೆ ಇಟ್ಟುಕೊಂಡು ಅಲ್ಲಾಡಿಸಿದಾಗ ಆ ಖಟ್ ಬೆರಳಿಗೇ ತಾಗಿತು.

ಟ್ರನಿಯನ್ ಗೊತ್ತಿಲ್ಲದವರಿಗೆ: ಕೆಳಗಿನ ವಿಷ್‌ಬೋನ್‌ನ (ಚಕ್ರವನ್ನು ಛಾಸಿಗೆ ಸೇರಿಸೋ ಕವಲಿನಂಥ ತೋಳು) ತುದಿಯಲ್ಲಿ ಒಂದು ಹಿತ್ತಾಳೆ ತುಂಡು, ಅದರೊಳಗೆ ಸ್ಕ್ರೂವಿಗಿರುವಂಥ ಥ್ರೆಡ್. ವರ್ಟಿಕಲ್ ಲಿಂಕಿನ ಕೆಳತುದಿ ಉಕ್ಕು, ಅದಕ್ಕೂ ಥ್ರೆಡ್. ನೀವು ಸ್ಟಿಯರಿಂಗ್ ತಿರುಗಿಸಿದಾಗೆಲ್ಲ ಆ ಉಕ್ಕು ಹಿತ್ತಾಳೆಯೊಳಗೆ ತಿರುಗುತ್ತೆ. ಗಾಡಿಯ ಭಾರ, ಗುಂಡಿಯ ಪೆಟ್ಟು ಎಲ್ಲ ಅದೇ ಥ್ರೆಡ್ ಮೇಲೆ. ಅಲ್ಲಿಗೆ ಬೇಕಾಗಿರೋದು ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್. ಆದರೆ ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯೋದು ನಮ್ಮ ಗ್ಯಾರೇಜುಗಳ ಅಭ್ಯಾಸ. ಗ್ರೀಸ್ ಒಳಗೇ ಗಟ್ಟಿಯಾಗಿ ಕೂರುತ್ತೆ, ಥ್ರೆಡ್‌ನ ಮೇಲ್ಭಾಗಕ್ಕೆ ತಲುಪೋದೇ ಇಲ್ಲ. ಅಲ್ಲಿ ನೀರು ನಿಂತು ಉಕ್ಕು ತುಕ್ಕು ಹಿಡಿದು, ಒಂದು ದಿನ ಥ್ರೆಡ್‌ನ ಮೇಲೆ ಪಟ್ ಅಂತ ಮುರಿಯುತ್ತೆ, ಚಕ್ರ ಮಡಚಿಕೊಂಡು ಬೀಳುತ್ತೆ. ಗಲ್ಲಿಯಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸುವಾಗ ಹೀಗಾದರೆ ಬಚಾವ್. ಹೈವೇಯಲ್ಲಾದರೆ ಏನು ಹೇಳೋದು?

ಬಿಚ್ಚೋ ಕೆಲಸ ಮಾತ್ರ ತಾಳ್ಮೆ ಕೇಳ್ತು. ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಟ್ಟಿಗೇ ಕೆಳಗಿಳಿಯುತ್ತೆ, ಮೇಲೆ ಮೂರು ನಟ್, ಕೆಳಗೊಂದು ಬೋಲ್ಟ್, ಅದು ಸುಲಭ. (ಸ್ಪ್ರಿಂಗನ್ನು ಡ್ಯಾಂಪರ್‌ನಿಂದ ಬೇರೆ ಮಾಡಬೇಕಾದರೆ ಮಾತ್ರ ಕಂಪ್ರೆಸರ್ ಇಲ್ಲದೆ ಕೈ ಹಾಕಲೇಬೇಡಿ, ಪ್ರಾಣಕ್ಕೆ ಬರುತ್ತೆ.) ಟ್ರನಿಯನ್‌ನ ಬೋಲ್ಟ್ ಅದರ ಉಕ್ಕಿನ ಸ್ಲೀವ್ ಒಳಗೆ ತುಕ್ಕು ಹಿಡಿದು ಒಂದಾಗಿ ಹೋಗಿತ್ತು. ಸೀಮೆಎಣ್ಣೆ, ಡೀಸೆಲ್, ಸುತ್ತಿಗೆ ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಹ್ಯಾಕ್ಸಾ ಬ್ಲೇಡನ್ನು ವಿಷ್‌ಬೋನಿಗೂ ಟ್ರನಿಯನ್‌ಗೂ ನಡುವೆ ತೂರಿಸಿ ಎರಡೂ ಕಡೆ ಕೊಯ್ಯಬೇಕಾಯ್ತು. ಹೊರಬಂದ ಎಡಗಡೆ ಟ್ರನಿಯನ್ ಒಳಗೆ ಥ್ರೆಡ್ ಚೂಪು ಹೋಗಿ ಅಲೆ ಅಲೆಯಾಗಿತ್ತು. ಅದರ ತಳದಲ್ಲಿ ಕಪ್ಪು ಗ್ರೀಸ್ ಮೇಣದಂಗೆ ಒಣಗಿತ್ತು, ಉಗುರಲ್ಲಿ ಕೆರೆದರೆ ನಡುನಡುವೆ ಹಿತ್ತಾಳೆಯ ಪುಡಿ ಹೊಳೀತಿತ್ತು. ವರ್ಟಿಕಲ್ ಲಿಂಕಿನಲ್ಲೂ ಥ್ರೆಡ್‌ನ ಮೇಲೆ ತುಕ್ಕಿನ ಸಣ್ಣ ಗುಳಿಗಳು. ಲೇತ್‌ನವರು ವೆಲ್ಡ್ ಮಾಡಿ ಹೊಸ ಥ್ರೆಡ್ ಹಾಕಿಕೊಡ್ತೀನಿ ಅಂದರು. ಅವರ ಕೈಗೆಲಸದ ಮೇಲೆ ನನಗೆ ನಂಬಿಕೆ ಇದೆ, ಆದರೂ ಬೇಡ ಅಂದೆ. ಚಕ್ರ ಹಿಡಿದಿಡೋ ಉಕ್ಕಿಗೆ ವೆಲ್ಡಿಂಗ್ ಸಲ್ಲದು. ಅದೊಂದನ್ನು ಹೊಸದೇ ತರಿಸಿದೆ, ಬಜೆಟ್ ಅಲ್ಲೇ ಮೀರಿತು.

ಹಾಕುವಾಗ ಒಂದು ನೆನಪಿಡಿ. ಎಡಬಲದ ಟ್ರನಿಯನ್ ಬೇರೆ ಬೇರೆ. ಬಲಗಡೆಯದಕ್ಕೆ ಮಾಮೂಲಿ ಥ್ರೆಡ್, ಎಡಗಡೆಯದಕ್ಕೆ ಉಲ್ಟಾ. ಕೊನೆತನಕ ತಿರುಗಿಸಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬಿಡಬೇಕು, ಇಲ್ಲಾಂದ್ರೆ ಸ್ಟಿಯರಿಂಗ್ ಪೂರ್ತಿ ತಿರುಗೋದಿಲ್ಲ. ಕೆಳಗಿನ ವಿಷ್‌ಬೋನಿಗೂ ಛಾಸಿಗೂ ನಡುವೆ ಶಿಮ್ ಅನ್ನೋ ತೆಳು ತಗಡಿನ ತುಂಡುಗಳಿರುತ್ತವೆ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲೋ ಕೋನ) ನಿಲ್ಲೋದೇ ಅವುಗಳಿಂದ. ಯಾವುದು ಎಲ್ಲಿತ್ತೋ ಅಲ್ಲೇ ವಾಪಸ್ ಹೋಗಬೇಕು.

ಮೊದಲ ಸಲ ಓಡಿಸಿದಾಗ ಆದ ಖುಷಿ ಈಗಲೂ ಇದೆ. ಸ್ಟಿಯರಿಂಗ್ ಹಗುರ, ಗಾಡಿ ನೆಟ್ಟಗೆ, ಖಟ್ ಸದ್ದು ಇಲ್ಲ. ಹೆರಾಲ್ಡ್‌ನ ದೊಡ್ಡ ಹೆಚ್ಚುಗಾರಿಕೆಯೇ ಅದು ತಿರುಗುವ ರೀತಿ, 25 ಅಡಿಯಲ್ಲಿ ಪೂರ್ತಿ ಸುತ್ತು ಹೊಡೆಯುತ್ತೆ. ಪಿ.ಜೆ. ಬಡಾವಣೆಯ ಅಡ್ಡರಸ್ತೆಯಲ್ಲಿ ಈಗಿನ ಗಾಡಿಗಳು ಹಿಂದೆಮುಂದೆ ಮಾಡುವ ಜಾಗದಲ್ಲಿ ಇದು ಒಂದೇ ಸಲಕ್ಕೆ ತಿರುಗುತ್ತೆ. ಮುಂಚೆ ಹಾಗೆ ತಿರುಗಿಸೋಕೆ ಭಯ ಆಗ್ತಿತ್ತು, ಈಗಿಲ್ಲ.

ನಾನು ನಿರೀಕ್ಷೆ ಮಾಡದೇ ಇದ್ದ ಸಂತೋಷ ಡಬ್ಬದಲ್ಲಿದ್ದ ಒಂದು ಪುಟ್ಟ ಆಯಿಲ್ ಗನ್. ಅಂಗೈಯಲ್ಲಿ ಹಿಡಿಸುವಷ್ಟು, ಟ್ರನಿಯನ್ ಪ್ಲಗ್‌ನ ಜಾಗಕ್ಕೆ ಕೂರುವ ನಳಿಗೆ ಸಮೇತ. ಭಾನುವಾರ ಬೆಳಿಗ್ಗೆ ಬಿಸಿಲೇರೋ ಮುಂಚೆ ಬಾನೆಟ್ ಎತ್ತುತ್ತೇನೆ. ಹೆರಾಲ್ಡ್‌ದು ಮಡ್‌ಗಾರ್ಡ್, ಲೈಟು ಎಲ್ಲ ಸೇರಿ ಪೂರ್ತಿ ಮೂತಿಯೇ ಮುಂದಕ್ಕೆ ಮಗುಚುತ್ತೆ, ಹಾಗಾಗಿ ಚಕ್ರದ ಮೇಲೆ ಕೂತೇ ಎರಡೂ ಕಡೆ ಎಲ್ಲವೂ ಕಾಣುತ್ತೆ. ಮೊದಲು ಟ್ರನಿಯನ್ ಸುತ್ತ ಬಟ್ಟೆಯಿಂದ ಒರೆಸೋದು. ಚಕ್ರ ಎತ್ತಿ ಭಾರ ಇಳಿಸೋದು. ಪ್ಲಗ್ ಬಿಚ್ಚಿ ನಳಿಗೆ ತಿರುಗಿಸಿ ಕೂರಿಸಿ, ನಿಧಾನಕ್ಕೆ ಒತ್ತುತ್ತಾ ಇನ್ನೊಂದು ಕೈಯಲ್ಲಿ ಚಕ್ರವನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸೋದು. ಮೊದಲು ಏನೂ ಆಗೋದಿಲ್ಲ. ಆಮೇಲೆ ಮೇಲಿನ ರಬ್ಬರ್ ಸೀಲ್ ಹತ್ತಿರ ಹಳೆ ಆಯಿಲ್ ಕಪ್ಪಗೆ ಉಕ್ಕಿ ಬರುತ್ತೆ, ಅದರ ಹಿಂದೆಯೇ ಹೊಸ ಆಯಿಲ್ ಜೇನಿನ ಬಣ್ಣದಲ್ಲಿ. ಅಲ್ಲಿಗೆ ಸಾಕು. ಗೇರ್ ಆಯಿಲ್‌ನ ಗಂಧಕದ ವಾಸನೆ ಕೈಗೆ ಹತ್ತಿ ಮಧ್ಯಾಹ್ನದವರೆಗೂ ಹೋಗೋದಿಲ್ಲ, ಮನೆಯಲ್ಲಿ ಬೈಸಿಕೊಂಡರೂ ನನಗೆ ಇಷ್ಟ. ಜಿಎಲ್-4 ದರ್ಜೆಯದು ಸಿಕ್ಕರೆ ಅದನ್ನೇ ಹಾಕಿ, ಹಿತ್ತಾಳೆಗೆ ಅದು ಒಳ್ಳೆಯದು. ಇಷ್ಟು ಸಲ ಬೇಕಾಗಿಲ್ಲ ಅಂತ ಗೊತ್ತು. ಆದರೂ ಹೊರಗೆ ಬರೋ ಆಯಿಲ್‌ನಲ್ಲಿ ಹೊಳಪಿನ ಪುಡಿ ಇಲ್ಲದ್ದನ್ನು ಕಣ್ಣಾರೆ ನೋಡಿದರೆ ಸಮಾಧಾನ.

ಇನ್ನು ಪಾಲಿ ಬುಷ್. ಇದೇ ನನ್ನ ದೂರು. ವಿಷ್‌ಬೋನ್‌ಗಳಿಗೆ ರಬ್ಬರ್ ಬದಲು ಪಾಲಿಯುರಿಥೇನ್ ಬುಷ್ (ತೋಳಿನ ಬೋಲ್ಟಿನ ಸುತ್ತ ಕೂರೋ ಗಟ್ಟಿ ಪ್ಲಾಸ್ಟಿಕ್ಕಿನ ಬಳೆ) ಕೊಟ್ಟಿದ್ದರು, ಜೀವನಪೂರ್ತಿ ಬರುತ್ತೆ ಅನ್ನೋ ಭರವಸೆಯೊಂದಿಗೆ, ಕಿಟ್‌ನ ಬೆಲೆ ಜಾಸ್ತಿ ಆಗಿರೋದೂ ಅದರಿಂದಲೇ. ಮೊದಮೊದಲು ಗಾಡಿ ಬಿಗಿಯಾಗಿದೆ ಅನ್ನಿಸಿತು. ಆಮೇಲೆ ಮೆಕ್ಕೆಜೋಳದ ಕಾಲ ಬಂತು. ನಮ್ಮ ಕಡೆ ಹಳ್ಳಿ ರಸ್ತೆಯ ಅರ್ಧಕ್ಕೆ ಜೋಳ ಒಣಹಾಕಿರ್ತಾರೆ, ಗಾಡಿ ಮಣ್ಣಿನಂಚಿಗೆ ಇಳಿದೇ ಹೋಗಬೇಕು. ಕೊಂಡಜ್ಜಿ ಕೆರೆಯ ಕಡೆ ಹೋಗಿ ಬರುವಷ್ಟರಲ್ಲಿ ಕಿರ್ ಕಿರ್ ಶುರು. ಪಾಲಿ ಬುಷ್ ರಬ್ಬರಿನಂತೆ ತಿರುಚಿಕೊಳ್ಳೋದಿಲ್ಲ, ಉಜ್ಜಿಕೊಂಡು ತಿರುಗುತ್ತೆ. ಆ ಸಂದಿಗೆ ಧೂಳು ಸೇರಿದರೆ ಪ್ರತಿ ಹಂಪ್ಸಿಗೂ ಕಿರುಚುತ್ತೆ. ಮಳೆ ಬಂದರೆ ಸುಮ್ಮನಾಗುತ್ತೆ, ಬಿಸಿಲು ಬಿದ್ದರೆ ಮತ್ತೆ ಶುರು. ಕಿಟ್ ಜೊತೆ ಕೊಟ್ಟ ಸಿಲಿಕೋನ್ ಗ್ರೀಸ್ ಪಾಕೀಟು ಒಂದು ಕಡೆಗೇ ಮುಗೀತು. ಇನ್ನಷ್ಟು ತರಿಸಿ, ಎಲ್ಲ ಬಿಚ್ಚಿ ತೊಳೆದು ಹಚ್ಚಿದರೂ ಮುಂದಿನ ಒಣಹವೆಗೆ ಅದೇ ಕಥೆ. ಜೊತೆಗೆ ಸಣ್ಣ ಸಣ್ಣ ಕಲ್ಲಿನ ಪೆಟ್ಟೂ ಸ್ಟಿಯರಿಂಗಿಗೆ ಬಂದು ತಾಗುತ್ತೆ. ಮಾರಿದವರಿಗೆ ಬರೆದೆ, ಸದ್ದು ಸಹಜ ಅಂತ ಉತ್ತರ ಬಂತು. ಇಷ್ಟು ದುಡ್ಡು ಕೊಟ್ಟವರಿಗೆ ಆ ಉತ್ತರ ಸಾಕಾಗೋದಿಲ್ಲ.

ಟ್ರ್ಯಾಕ್‌ನಲ್ಲಿ ಜೋರಾಗಿ ಓಡಿಸೋ ಸ್ಪಿಟ್‌ಫೈರ್‌ಗೆ ಪಾಲಿ ಸರಿಯಿರಬಹುದು. 948 ಸಿಸಿಯ ಗಾಡಿಯಲ್ಲಿ ಬೆಣ್ಣೆದೋಸೆ ತಿನ್ನೋಕೆ ಹೋಗೋ ನನಗೆ, ಹದಡಿ ರಸ್ತೆಯಲ್ಲಿ 50ರಲ್ಲಿ ಹೋಗೋ ನನಗೆ ಅದು ಬೇಕಾಗೇ ಇರಲಿಲ್ಲ. ಈ ಬೇಸಿಗೆಯಲ್ಲಿ ಅವನ್ನು ತೆಗೆದು ಮಾಮೂಲಿ ರಬ್ಬರ್ ಬುಷ್ ಹಾಕಿದೆ, ಬೆಲೆ ಎಷ್ಟೋ ಕಡಿಮೆ. ರಬ್ಬರ್ ಹಾಕಿದಾಗ ಬೋಲ್ಟುಗಳನ್ನು ಚಕ್ರ ನೆಲದ ಮೇಲಿದ್ದು ಗಾಡಿಯ ಭಾರ ಬಿದ್ದ ಮೇಲೇ ಪೂರ್ತಿ ಬಿಗಿಯಬೇಕು. ಎತ್ತಿಟ್ಟಾಗ ಬಿಗಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತೆ. ಸದ್ದು ನಿಂತಿದೆ, ಗಾಡಿ ಮೆತ್ತಗಾಗಿದೆ.

ನನ್ನ ಮಾತು ಇಷ್ಟು: ಟ್ರನಿಯನ್ ಜೋಡಿ, ಅದರ ನೈಲಾನ್ ಬುಷ್ ಮತ್ತು ಸೀಲ್, ಬಾಲ್ ಜಾಯಿಂಟ್, ಆಯಿಲ್ ಗನ್, ಇಷ್ಟನ್ನು ಬಿಡಿಬಿಡಿಯಾಗಿ ತರಿಸಿ. ಪೂರ್ತಿ ಕಿಟ್ ಬೇಡ. ಕೊರಿಯರ್ ಮತ್ತು ಕಸ್ಟಮ್ಸ್ ಸೇರಿದರೆ ಬೆಲೆ ಎಲ್ಲಿಗೋ ಹೋಗುತ್ತೆ, ಇಬ್ಬರು ಮೂವರು ಸೇರಿ ಒಂದೇ ಪಾರ್ಸೆಲ್ ಮಾಡಿಸಿದರೆ ಒಳ್ಳೆಯದು. ನಾನು ತೆಗೆದಿಟ್ಟ ಪಾಲಿ ಬುಷ್‌ಗಳು ಸವೆದಿಲ್ಲ, ತೊಳೆದು ಡಬ್ಬದಲ್ಲಿಟ್ಟಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆ ಹೆರಾಲ್ಡ್ ಇಟ್ಟುಕೊಂಡವರು ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ, ಬಂದು ತಗೊಂಡು ಹೋಗಿ.