ಮಂಡಿಪೇಟೆ ಅಂಗಡಿಗೆ ಯಾವ ಫೋನು, ಯಾವ ಟ್ಯಾಬು, ಯಾವ ಕ್ಲೌಡು?

ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಹೋಲ್‌ಸೇಲ್ ಅಂಗಡಿ. ಅಂಗಡಿಯಲ್ಲಿ ನಾನು, ಅಪ್ಪಾಜಿ, ಒಬ್ಬ ಗುಮಾಸ್ತ. ಇವರಲ್ಲದೆ ಲೈನಿಗೆ ಹೋಗುವ ಇಬ್ಬರು ಹುಡುಗರು. ಒಬ್ಬ ಜಗಳೂರು ಕಡೆ, ಇನ್ನೊಬ್ಬ ಹೊನ್ನಾಳಿ, ಚನ್ನಗಿರಿ ಕಡೆ. ಬೈಕಲ್ಲಿ ಹೋಗಿ ಹಳ್ಳಿ ಅಂಗಡಿಗಳ ಆರ್ಡರ್ ಬರೆದುಕೊಂಡು, ಹಳೇ ಉದ್ರಿ ವಸೂಲಿ ಮಾಡಿಕೊಂಡು ಬರುತ್ತಾರೆ. ಮೊದಲು ಎಲ್ಲಾ ಚೀಟಿಯಲ್ಲೇ ನಡೀತಿತ್ತು. ಚೀಟಿ ಬೆವರಲ್ಲಿ ನೆನೆದು 10 ಕೆಜಿ ಬೆಲ್ಲ 70 ಕೆಜಿ ಆಗಿ ಓದಿಸಿಕೊಂಡ ದಿನದಿಂದ ಫೋನಿಗೆ ಬಂದೆವು. ಎರಡು ವರ್ಷದ ಮೇಲಾಯ್ತು. ಏನೇನು ಬಳಸಿದೆ, ಯಾವುದು ನಮ್ಮಂಥವರಿಗೆ ಆಗುತ್ತೆ, ಯಾವುದು ಆಗಲ್ಲ ಅಂತ ಬರೀತಾ ಇದ್ದೀನಿ.

ಮೊದಲು ಫೋನು. ಒಬ್ಬನಿಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ14 5ಜಿ, ಇನ್ನೊಬ್ಬನಿಗೆ ರೆಡ್‌ಮಿ 12 5ಜಿ ಕೊಡಿಸಿದೆ. ಎರಡೂ 2023ರಲ್ಲಿ ಬಂದ ಫೋನುಗಳು. ಬೇಕಂತಲೇ ಬೇರೆ ಬೇರೆ ತಗೊಂಡೆ, ಯಾವುದು ಬಾಳಿಕೆ ಬರುತ್ತೆ ನೋಡೋಣ ಅಂತ. ಎಂ14ದು 6000 ಎಂಎಎಚ್ ಬ್ಯಾಟರಿ. ಬೆಳಿಗ್ಗೆ ಎಂಟಕ್ಕೆ ಹೊರಟ ಹುಡುಗ ರಾತ್ರಿ ಏಳಕ್ಕೆ ವಾಪಸ್ ಬಂದರೂ ಇನ್ನೂ ಚಾರ್ಜ್ ಉಳಿದಿರುತ್ತೆ. ಲೈನ್ ಕೆಲಸಕ್ಕೆ ಇದೊಂದೇ ಸಾಕು, ಕಣ್ಣು ಮುಚ್ಚಿ ತಗೋಬಹುದು. ಆದರೆ ಡಬ್ಬಿಯಲ್ಲಿ ಚಾರ್ಜರ್ ಇರಲ್ಲ, ಬೇರೆ ಕೊಳ್ಳಬೇಕು. ಅಪ್ಪಾಜಿ "ಎಮ್ಮೆ ತಗೊಂಡ್ರೆ ಹಗ್ಗಕ್ಕೂ ದುಡ್ಡಾ?" ಅಂದರು. ನನಗೆ ಉತ್ತರ ಹೊಳೀಲಿಲ್ಲ.

ರೆಡ್‌ಮಿಗೆ ಚಾರ್ಜರ್ ಜೊತೆಗೇ ಬರುತ್ತೆ. ಬ್ಯಾಟರಿ 5000. ಹಿಂದೆ ಗಾಜು, ನೋಡೋಕೆ ಚಂದ, ಆದರೆ ಕವರ್ ಹಾಕದೆ ಬೈಕ್ ಹುಡುಗರ ಕೈಗೆ ಕೊಡಬೇಡಿ. ಇದರಲ್ಲಿ ಟಿವಿ ರಿಮೋಟ್ ಥರ ಕೆಲಸ ಮಾಡುವ ಇನ್‌ಫ್ರಾರೆಡ್ ಕೂಡ ಇದೆ. ಇದರಿಂದ ವ್ಯಾಪಾರಕ್ಕೇನು ಉಪಯೋಗ ಅಂತೀರಾ? ನಮ್ಮ ಹುಡುಗ ಕಂಡುಹಿಡಿದಿದ್ದಾನೆ. ಅಂಗಡಿಯವರು ಕ್ರಿಕೆಟ್ ನೋಡ್ತಾ ಆರ್ಡರ್ ಕೊಡದೇ ಕೂತಿದ್ದರೆ ಮೆಲ್ಲಗೆ ಫೋನಿಂದಲೇ ಟಿವಿ ಆಫ್ ಮಾಡ್ತಾನಂತೆ. ಸಿಕ್ಕಿಬಿದ್ದ ದಿನ ಆ ಗಿರಾಕಿ ಹೋದ ಅಂತಲೇ ಲೆಕ್ಕ, ನಾನಂತೂ ಹೇಳಿ ನೋಡಿದೆ.

ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅನ್ನೋದನ್ನ ಯಾರೂ ಕೇಳಲ್ಲ. ಎಂ14ಗೆ ನಾಲ್ಕು ವರ್ಷ, ರೆಡ್‌ಮಿ 12ಕ್ಕೆ ಮೂರು ವರ್ಷ ಅಂತ ಕಂಪನಿಗಳು ಹೇಳಿವೆ. ದಿನಾ ಯುಪಿಐನಲ್ಲಿ ವಸೂಲಿ ದುಡ್ಡು ಓಡಾಡುವ ಫೋನಿಗೆ ಆ ಒಂದು ವರ್ಷ ಕಡಿಮೆಯೇನಲ್ಲ. ಕೇಳಿದರೆ ನನ್ನ ಓಟು ಸ್ಯಾಮ್‌ಸಂಗಿಗೆ, ಸ್ವಲ್ಪ ಅಂತರದಲ್ಲಿ.

ಐಫೋನ್ ವಿಷಯ ಬಿಡೋಕಾಗಲ್ಲ, ಯಾಕಂದ್ರೆ ನಮ್ಮ ಚಿಕ್ಕಪ್ಪನ ಮಗನ ಸೀರೆ ಅಂಗಡಿಯಲ್ಲಿ ಎಲ್ಲಾ ಆಪಲ್ಲೇ. ಅವನಿಗೆ ಅದು ಸರಿ. ಸೀರೆ ಬಣ್ಣ ಫೋಟೋದಲ್ಲಿ ಇದ್ದ ಹಾಗೇ ಬರಬೇಕು, ವಾಟ್ಸಾಪ್‌ನಲ್ಲಿ ಕಳಿಸಿದ ತಕ್ಷಣ ಗಿರಾಕಿ ಒಪ್ಪಬೇಕು. ನಾವು ಕಳಿಸೋದು ತೊಗರಿಬೇಳೆ ರೇಟು. ಬೇಳೆ ಬಣ್ಣ ಯಾವ ಫೋನಲ್ಲಾದ್ರೂ ಹಳದಿನೇ ಅಲ್ವಾ?

ಟ್ಯಾಬ್ಲೆಟ್‌ನಲ್ಲೂ ಇದೇ ಕಥೆ. ಗಲ್ಲಾ ಮೇಲೆ ಬಿಲ್ ಮಾಡೋಕೆ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ ಇಟ್ಟಿದ್ದೀನಿ. 11 ಇಂಚು, ಮೆಮೊರಿ ಕಾರ್ಡ್ ಹಾಕಬಹುದು, ಕನ್ನಡಕ ಹಾಕಿದ ಗುಮಾಸ್ತರಿಗೂ ಅಕ್ಷರ ಕಾಣುತ್ತೆ. ಐಪ್ಯಾಡ್ ಸ್ಕ್ರೀನ್ ಇದಕ್ಕಿಂತ ಚೆನ್ನಾಗಿದೆ, ಬೇಗ ಹಳತಾಗಲ್ಲ, ಒಪ್ತೀನಿ. ಆದರೆ ಅದರಲ್ಲಿ ಕಾರ್ಡ್ ಹಾಕೋ ಜಾಗ ಇಲ್ಲ. ಇನ್ನೊಂದು ದೊಡ್ಡ ವಿಷಯ ಬಿಲ್ ಪ್ರಿಂಟರ್. ಅಗ್ಗದ ಬ್ಲೂಟೂತ್ ಥರ್ಮಲ್ ಪ್ರಿಂಟರ್‌ಗಳು (ಇಂಕಿಲ್ಲದೆ ಬಿಸಿಯಿಂದ ಅಚ್ಚು ಹಾಕುವಂಥವು) ಆಂಡ್ರಾಯ್ಡ್ ಜೊತೆ ಸಲೀಸಾಗಿ ಸೇರುತ್ತವೆ. ಆಪಲ್‌ಗೆ ಅದರ ಒಪ್ಪಿಗೆ ಇರುವ ಅಥವಾ ಬೇರೆ ಬಗೆಯ ಬ್ಲೂಟೂತ್ ಇರುವ ಪ್ರಿಂಟರೇ ಬೇಕು. ಐಪ್ಯಾಡ್ ತಗೊಳ್ಳೋರು ಮೊದಲು ಪ್ರಿಂಟರ್ ನೋಡಿ, ಆಮೇಲೆ ಐಪ್ಯಾಡ್ ನೋಡಿ.

ಟ್ಯಾಬ್ ತಗೊಳ್ಳುವಾಗ ನಾನೊಂದು ತಪ್ಪು ಮಾಡಿದೆ. ಸ್ವಲ್ಪ ದುಡ್ಡು ಉಳಿಸೋಕೆ ಸಿಮ್ ಇಲ್ಲದ, ಬರೀ ವೈಫೈ ಮಾಡೆಲ್ ತಂದೆ. ಕರೆಂಟ್ ಹೋದರೆ ರೌಟರ್ ಆಫ್, ರೌಟರ್ ಹೋದರೆ ಬಿಲ್ಲು ನಿಂತಿತು. ಗಿರಾಕಿ ಎದುರಿಗೆ ನಿಂತಿರ್ತಾನೆ, ನಾನು ಹಾಟ್‌ಸ್ಪಾಟ್ ಹುಡುಕ್ತಿರ್ತೀನಿ. ಕೊನೆಗೆ ರೌಟರಿಗೆ ಒಂದು ಮಿನಿ ಯುಪಿಎಸ್ ತಂದು ಹಾಕಿದೆ. ನೀವು ಸಿಮ್ ಇರೋದೇ ತಗೊಳ್ಳಿ.

ಈಗ ಕ್ಲೌಡು, ಅಂದ್ರೆ ನಮ್ಮ ಫೈಲುಗಳನ್ನ ಇಂಟರ್‌ನೆಟ್‌ನಲ್ಲಿ ಇಡೋ ಜಾಗ. ನನ್ನನ್ನ ಜಾಸ್ತಿ ಸುಸ್ತು ಮಾಡಿದ್ದು ಇದು.

ಶುರುವಿನಲ್ಲಿ ಹಳೇ ಹುಡುಗನೊಬ್ಬ ಇದ್ದ, ಚುರುಕು. ರೇಟ್ ಲಿಸ್ಟ್, ಗಿರಾಕಿ ಪಟ್ಟಿ, ಯಾರದ್ದು ಎಷ್ಟು ಬಾಕಿ ಎಲ್ಲಾ ಗೂಗಲ್ ಶೀಟ್‌ನಲ್ಲಿ ಚಂದ ಮಾಡಿಟ್ಟಿದ್ದ. ಅವನ ಸ್ವಂತ ಜಿಮೇಲ್‌ನಲ್ಲಿ! ಅವನು ಕೆಲಸ ಬಿಟ್ಟ ಮೇಲೆಯೇ ನನಗೆ ಅದು ಗೊತ್ತಾಗಿದ್ದು. ಒಳ್ಳೆಯವನು, ಫೋನ್ ಮಾಡಿ ಕೇಳಿದ್ದಕ್ಕೆ ಫೈಲಿನ ಮಾಲೀಕತ್ವ ನನ್ನ ಹೆಸರಿಗೆ ವರ್ಗ ಮಾಡಿಕೊಟ್ಟ. ಜಗಳ ಆಡಿಕೊಂಡು ಹೋಗಿದ್ದರೆ? ಉದ್ರಿ ಪಟ್ಟಿ ಅವನ ಕೈಯಲ್ಲಿ, ನಾನು ಬಾಯಿ ಬಡ್ಕೊಳ್ಳಬೇಕಿತ್ತು.

ಅದಾದ ಮೇಲೆ ಅಂಗಡಿ ಹೆಸರಲ್ಲಿ ಒಂದು ಜಿಮೇಲ್ ಮಾಡಿ ಎಲ್ಲಾ ಫೋನಿಗೂ ಹಾಕಿದೆ. ಜಾಣತನ ಅಂದ್ಕೊಂಡೆ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ, ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2024ರಿಂದ ಆಂಡ್ರಾಯ್ಡ್ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಸೇರ್ಕೊಂಡಿದೆ. ಹುಡುಗರ ಫೋನಿನ ಗುಡ್ ಮಾರ್ನಿಂಗ್ ಹೂವು, ಮದುವೆ ವಿಡಿಯೋ, ಊರ ಜಾತ್ರೆ ತೇರು ಎಲ್ಲಾ ನನ್ನ ಅಂಗಡಿ ಅಕೌಂಟಿಗೆ ಬಂದು ತುಂಬಿತು. ತುಂಬಿದ ಮೇಲೆ ಹೊಸ ಮೇಲ್ ಬರಲ್ಲ. ನಮ್ಮ ಆಡಿಟರ್ ಕಳಿಸಿದ ಮೇಲ್ ವಾಪಸ್ ಹೋಗಿ, "ಏನ್ರೀ, ಮೇಲ್ ಐಡಿನೇ ಕ್ಲೋಸ್ ಮಾಡಿದ್ರಾ?" ಅಂತ ಬೈಸಿಕೊಂಡೆ. ತಪ್ಪು ನಂದೇ. ಈಗ ಹುಡುಗರ ವಾಟ್ಸಾಪ್ ಬ್ಯಾಕಪ್ ಅವರವರ ಅಕೌಂಟಿಗೆ, ಅಂಗಡಿ ಫೈಲು ಮಾತ್ರ ಅಂಗಡಿ ಅಕೌಂಟಿಗೆ. ತಿಂಗಳಿಗೆ 130 ರೂಪಾಯಿ ಕೊಟ್ಟು 100 ಜಿಬಿ ತಗೊಂಡೆ. ಎರಡು ಬೆಣ್ಣೆ ದೋಸೆ ದುಡ್ಡು ಅಂದ್ಕೊಂಡು ಸಮಾಧಾನ ಮಾಡ್ಕೊಂಡೆ.

ಮೈಕ್ರೋಸಾಫ್ಟ್ ಒನ್‌ಡ್ರೈವ್, ಆಪಲ್ ಐಕ್ಲೌಡ್ ಎರಡೂ ಪುಕ್ಕಟೆ ಕೊಡೋದು 5 ಜಿಬಿ. ಆದರೆ ಆಡಿಟರ್ ಆಫೀಸಿನವರು ಮ್ಯಾಕ್ರೋ (ಫೈಲ್ ಒಳಗೇ ಬರೆದಿಟ್ಟ, ತಾನೇ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಇರುವ ಎಕ್ಸೆಲ್ ಫೈಲ್ ಕಳಿಸಿದರೆ ಅದು ಗೂಗಲ್ ಶೀಟ್‌ನಲ್ಲಿ ಓಡಲ್ಲ, ಎಕ್ಸೆಲ್ಲೇ ಬೇಕು. ನಿಮ್ಮ ಲೆಕ್ಕ ಎಲ್ಲಾ ಕಂಪ್ಯೂಟರಿನಲ್ಲೇ ನಡೆಯೋದಾದ್ರೆ 1 ಟಿಬಿ ಜೊತೆಗೆ ಬರುವ ಮೈಕ್ರೋಸಾಫ್ಟ್ 365ಗೆ ಹೋಗಿ. ಫೋನಲ್ಲೇ ನಡೆಯೋದಾದ್ರೆ ಗೂಗಲ್. ಜಗಳೂರು ಲೈನಿನಲ್ಲಿ ನೆಟ್‌ವರ್ಕ್ ಇಲ್ಲದ ಊರು ಸಿಗುತ್ತೆ. ಬೆಳಿಗ್ಗೆ ಹೊರಡೋ ಮೊದಲೇ ಶೀಟ್ ಮೇಲೆ "ಆಫ್‌ಲೈನ್" ಒತ್ತಿಟ್ಟರೆ ಅಲ್ಲೇ ಬರೆದಿದ್ದು ಸಿಗ್ನಲ್ ಸಿಕ್ಕ ಮೇಲೆ ಸೇರಿಕೊಳ್ಳುತ್ತೆ. ಮರೆತರೆ ಮತ್ತೆ ಚೀಟಿನೇ ಗತಿ.

ಸಿಂಕ್ (ಒಂದು ಕಡೆ ಬದಲಾಗಿದ್ದು ಎಲ್ಲಾ ಕಡೆ ತಾನಾಗೇ ಬದಲಾಗೋದು) ಬೇರೆ, ಬ್ಯಾಕಪ್ (ಬೇರೆ ಕಡೆ ಎತ್ತಿಟ್ಟ ನಕಲು) ಬೇರೆ. ಒಂದು ಕಡೆ ಡಿಲೀಟ್ ಆದರೆ ಎಲ್ಲಾ ಕಡೆ ಹೋಗುತ್ತೆ, ಗೂಗಲ್ ಡ್ರೈವ್ ಕಸದ ಬುಟ್ಟಿಯಲ್ಲಿ ಇರೋದು 30 ದಿನ ಮಾತ್ರ. ಜಿಎಸ್‌ಟಿಯವರು ಲೆಕ್ಕಪತ್ರ ಇಡಿ ಅನ್ನೋದು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು! ಥರ್ಮಲ್ ಬಿಲ್ಲಂತೂ ಒಂದು ಬೇಸಿಗೆಗೇ ಬಿಳಿ ಹಾಳೆ ಆಗುತ್ತೆ. ಅದಕ್ಕೆ ಖರೀದಿ ಬಿಲ್ಲು ಬಂದ ದಿನವೇ ಡ್ರೈವ್ ಆಪ್‌ನಲ್ಲೇ ಸ್ಕ್ಯಾನ್ ಮಾಡಿ ಹಾಕ್ತೀನಿ. ತಿಂಗಳಿಗೊಮ್ಮೆ ಎಲ್ಲಾ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿ ಮನೇಲಿಡ್ತೀನಿ.

ಬಿಲ್ಲಿಂಗ್ ಆಪ್ ಒಂದನ್ನ ವರ್ಷದ ಚಂದಾ ಕಟ್ಟಿ ತಗೊಂಡಿದ್ದೆ, ಹೆಸರು ಬೇಡ. ಚಂದಾ ಮುಗಿದ ಮೇಲೆ ನನ್ನದೇ ಲೆಕ್ಕ ಹೊರಗೆ ತೆಗೆಯೋಕೆ ಹೋದರೆ ಬರೀ ಪಿಡಿಎಫ್. ಎಕ್ಸೆಲ್ ಬೇಕಂದ್ರೆ ಮತ್ತೆ ದುಡ್ಡು. ಗುಮಾಸ್ತರು 15 ದಿನ ಕೂತು ಕೈಯಲ್ಲೇ ಹೊಡೆದರು. ಯಾವ ಆಪ್ ಆದರೂ ತಗೊಳ್ಳೋ ಮೊದಲು ಇದನ್ನ ಕೇಳಿ.

ಅಪ್ಪಾಜಿ ಇನ್ನೂ ಕಿರ್ದಿ ಬಿಟ್ಟಿಲ್ಲ. ರಾತ್ರಿ ಅಂಗಡಿ ಮುಚ್ಚೋ ಮೊದಲು ಟ್ಯಾಬ್ ಮೊತ್ತ, ಕಿರ್ದಿ ಮೊತ್ತ ತಾಳೆ ನೋಡ್ತಾರೆ. ಕೆಂಪು ಪುಸ್ತಕದ ಪಕ್ಕದಲ್ಲೇ ಟ್ಯಾಬು ಇರುತ್ತೆ. ದೀಪಾವಳಿ ಲಕ್ಷ್ಮೀಪೂಜೆ ದಿನ ಎರಡಕ್ಕೂ ಕುಂಕುಮ.

ಒಂದು ಸಹಾಯ ಬೇಕು. 3 ಇಂಚಿನ ಬಿಲ್ ಪ್ರಿಂಟರ್‌ನಲ್ಲಿ ಕನ್ನಡ ಸರಿಯಾಗಿ ಬರುವಂಥದ್ದು ಯಾರಾದ್ರೂ ಬಳಸ್ತಾ ಇದ್ದರೆ ಹೇಳಿ. ಬಿಲ್ಲನ್ನ ಚಿತ್ರ ಮಾಡಿ ಕಳಿಸಿದರೆ ಸರಿಯಾಗಿ ಬರುತ್ತೆ, ಆದರೆ ನಿಧಾನ. ನೇರವಾಗಿ ಕಳಿಸಿದರೆ ಒತ್ತಕ್ಷರ ಎಲ್ಲಾ ಕಿತ್ಕೊಂಡು ಪಕ್ಕಕ್ಕೆ ಬಂದು ಕೂರುತ್ತೆ. ಮೊನ್ನೆ ಆನಗೋಡು ಕಡೆಯ ಗಿರಾಕಿಯೊಬ್ಬರು ಬಿಲ್ಲು ಹಿಡ್ಕೊಂಡು ಬಂದು, "ಅಣ್ಣಾ, ನಾನು ತಗೊಂಡಿದ್ದು ಬೆಲ್ಲ, ಇದೇನಿದು ಬೆಲಲ?" ಅಂತ ಕೇಳಿದರು.