ಬಾಡಿಗೆ ಕ್ಯಾಮೆರಾ ಹೌಸಿಂಗ್ ನಂಬಿ ಹಳ್ಳಕ್ಕೆ ಇಳಿಯಬೇಡಿ

ಮಳೆ ನಿಂತು ಗೋವಾದ ಸಾಂಗೆ ಕಡೆಯ ಹಳ್ಳಗಳು ತಿಳಿಯಾಗಿವೆ. ವಾಸ್ಕೋ, ಮಡಗಾಂವ್‌ನ ನಮ್ಮ ಕನ್ನಡದವರು ಕೆಲವರು ನೀರೊಳಗೆ ಮೀನಿನ ಫೋಟೋ ತೆಗೆಯಲು ಹೊರಟಿದ್ದೀರಂತೆ. ನೇತ್ರಾವಳಿ ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಿರಲಿ. ಮೊದಲು ನನ್ನ ಕ್ಯಾಮೆರಾ ಕಥೆ ಕೇಳಿ.

ನೀರು ಒಳಬರದಂತೆ ಕ್ಯಾಮೆರಾ ಕೂರಿಸುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅದೇ ಹೌಸಿಂಗ್, ಹೊಸದು ದುಬಾರಿ ಅಂತ ಬಾಡಿಗೆಗೆ ತಂದೆ. "ಸಮುದ್ರದಲ್ಲೇ 40 ಮೀಟರ್ ಇಳಿಸ್ತಾರೆ ಸರ್, ನಿಮ್ಮ ಹಳ್ಳ ಯಾವ ಲೆಕ್ಕ?" ಅಂದ ಅಂಗಡಿಯವನು. ಹೌದಲ್ವಾ ಅನಿಸಿತು.

ಮೊಣಕಾಲುದ್ದ ನೀರು. ಉಸಿರಾಡುವ ಕೊಳವೆ, ಅದೇ ಸ್ನಾರ್ಕೆಲ್, ಕಚ್ಚಿಕೊಂಡು ಅಲ್ಲಾಡದೆ ಬೋರಲು ಮಲಗಿದೆ. ಮೊದಲು ಗಾರಾ ಮೀನುಗಳು ಬಂದವು, ಕಲ್ಲಿಗೆ ಬಾಯಿ ಹಚ್ಚಿ ಪಾಚಿ ಕೆರೆಯುತ್ತಾ. ಆಮೇಲೆ ಫಿಲಮೆಂಟ್ ಬಾರ್ಬ್‌ಗಳ ಗುಂಪು. ಬಾಲದ ಹತ್ತಿರ ಕಾಡಿಗೆ ಬೊಟ್ಟಿನಂಥ ಮಚ್ಚೆ, ಗಂಡಿನ ಬೆನ್ನ ರೆಕ್ಕೆಯಲ್ಲಿ ದಾರದಂಥ ಎಳೆಗಳು. ಒಂದಂತೂ ಗಾಜಿನ ಮುಂದೆಯೇ ಬಂದು ನಿಂತಿತು. ಕ್ಲಿಕ್ ಮಾಡಬೇಕು, ಪರದೆಯೆಲ್ಲಾ ಮಂಜು. ಡಬ್ಬಿಯ ಮೂಲೆಯಲ್ಲಿ ಒಂದು ಚಮಚ ನೀರು ಕುಲುಕುತ್ತಿತ್ತು.

ದಡದಲ್ಲಿ ಬಿಚ್ಚಿದರೆ ಮುಚ್ಚಳದ ಸುತ್ತ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದು ಕೂದಲು. ಒಂದೇ ಒಂದು. ನನ್ನದಂತೂ ಅಲ್ಲ, ನನ್ನ ತಲೆ ನೋಡಿದವರಿಗೆ ಗೊತ್ತು.

ಸ್ಕೂಬಾ ಮಾಡುವ ಗೆಳೆಯ ಆಮೇಲೆ ಬಿಡಿಸಿ ಹೇಳಿದ. ಆಳಕ್ಕೆ ಹೋದಷ್ಟೂ ನೀರೇ ಮುಚ್ಚಳವನ್ನು ರಿಂಗಿನ ಮೇಲೆ ಒತ್ತಿ ಹಿಡಿಯುತ್ತದೆ. 10 ಮೀಟರ್‌ಗೆ ಇಳಿದರೆ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ ಎರಡು ಪಟ್ಟು. ಮೊಣಕಾಲು ನೀರಲ್ಲಿ ಆ ಸಹಾಯ ಎಲ್ಲಿ? 40 ಮೀಟರ್ ಮಾತು ನನ್ನ ಹಳ್ಳಕ್ಕೆ ಅನ್ವಯಿಸಲೇ ಇಲ್ಲ.

ನನ್ನ ತಪ್ಪೂ ಇದೆ. ತಕ್ಷಣ ಬ್ಯಾಟರಿ ತೆಗೆಯೋದು ಬಿಟ್ಟು, ಆನ್ ಆಗುತ್ತಾ ಅಂತ ಬಟನ್ ಒತ್ತಿದೆ. ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಲೆನ್ಸ್ ಸಂದಿಗೆ ಅಕ್ಕಿ ಹುಡಿ ಹೋಯಿತು, ಅಷ್ಟೇ. ಕ್ಯಾಮೆರಾದೊಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟಿತ್ತು. ಅಂಗಡಿಯವನು "ನೀವೇ ಸರಿಯಾಗಿ ಮುಚ್ಚಿಲ್ಲ" ಅಂತ ಡಿಪಾಸಿಟ್ಟನ್ನೂ ಹಿಡಿದುಕೊಂಡ.

ತರಲೇಬೇಕಾದರೆ ಅಂಗಡಿಯಲ್ಲೇ ರಿಂಗ್ ತೆಗೆಸಿ, ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿ. ಮರಳು, ಬಿರುಕು ಕೈಗೇ ಗೊತ್ತಾಗುತ್ತದೆ. ಮನೆಯಲ್ಲಿ ಕ್ಯಾಮೆರಾ ಬದಲು ಟಿಶ್ಯೂ ಕಾಗದ ಇಟ್ಟು ಮುಚ್ಚಿ, ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ. ಬಟನ್‌ಗಳನ್ನೂ ಒತ್ತಿ, ಅಲ್ಲಿಂದಲೂ ನೀರು ನುಗ್ಗುತ್ತದೆ. ಕಾಗದ ಒಣಗಿದ್ದರೂ ಕ್ಯಾಮೆರಾ ಇಡುವಾಗ ರಿಂಗನ್ನು ಮತ್ತೆ ಒರೆಸಿ. ಮುಚ್ಚುವುದು ಮನೆಯಲ್ಲೇ ಆಗಲಿ, ಹಳ್ಳದ ಮರಳಲ್ಲಿ ಕೂತು ಬೇಡ.